ನೋಂದಣಿ ಇರಲಿ, ನಿಷೇಧ ಬೇಡ: ವಿದೇಶಿ ಹಾವು ಸಾಕುವವನೊಬ್ಬನ ಮನವಿ

ಸಂಪಾದಕರಿಗೆ,

ಮಾನ್ಯರೇ,

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದಿಳಿದ ಯಾರದೋ ಸೂಟ್‌ಕೇಸಿನಲ್ಲಿ ಹಾವುಗಳು ಸಿಕ್ಕವೆಂಬ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಒತ್ತಾಯವೂ ಕೇಳಿಬರುತ್ತದೆ. ವಿದೇಶಿ ಹಾವುಗಳನ್ನು ಮನೆಯಲ್ಲಿ ಸಾಕುವುದನ್ನೇ ಕಾನೂನು ಮಾಡಿ ನಿಲ್ಲಿಸಿಬಿಡಬೇಕು, ಇಟ್ಟುಕೊಂಡವರಿಂದ ಕಿತ್ತುಕೊಂಡು ಮೃಗಾಲಯಕ್ಕೆ ಸೇರಿಸಬೇಕು ಎಂಬುದು ಆ ಒತ್ತಾಯ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಪ್ರಾಣಿಗಳ ಮೇಲಿನ ಕಾಳಜಿಯಿಂದಲೇ ಹೇಳುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಂಥದೊಂದು ಹಾವನ್ನು ಕಾನೂನುಬದ್ಧವಾಗಿಯೇ ಸಾಕಿಕೊಂಡಿರುವ ನನಗೆ ಕಾಣುವುದು ಬೇರೆ: ಇಂಥ ನಿಷೇಧ ಬಂದರೆ ಕಳ್ಳಸಾಗಣೆದಾರನಿಗೆ ನಷ್ಟವಿಲ್ಲ, ಹಾವಿಗೆ ಲಾಭವಿಲ್ಲ, ಈಗ ಸರ್ಕಾರದ ಕಣ್ಣಿಗೆ ಬೀಳುವಂತೆ ಹಾವು ಸಾಕುತ್ತಿರುವವರು ಮಾತ್ರ ಕತ್ತಲೆಗೆ ಸರಿಯುತ್ತಾರೆ.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಈಗ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡಿರುವವನು. ಕೊಟ್ಟಿಗೆಯ ಸೂರಿನಲ್ಲಿ ಇಲಿ ಹುಡುಕುತ್ತ ಹರಿದಾಡುವ ಕೇರೆಹಾವು ನಮ್ಮ ಕಡೆ ಮನೆಮಂದಿಯಿದ್ದ ಹಾಗೆ. ತೋಟದ ಕೆಳಗಿನ ಹಳ್ಳದಲ್ಲಿ ಕಾಳಿಂಗ ಕಂಡರೆ ಆ ದಿನ ಅತ್ತ ಹೋಗದೆ ಇರುವುದೇ ನಮಗೆ ಗೊತ್ತಿದ್ದ ವನ್ಯಜೀವಿ ಸಂರಕ್ಷಣೆ. ಹೀಗಾಗಿ ಹಾವೆಂದರೆ ಹೆದರಿಕೆಗಿಂತ ಕುತೂಹಲವೇ ನನಗೆ ಮೊದಲಿನಿಂದ ಹೆಚ್ಚು. 2019ರಲ್ಲಿ ಬೆಂಗಳೂರಿನ ಪರಿಚಿತರೊಬ್ಬರ ಮನೆಯಲ್ಲಿ ಮೊಟ್ಟೆಯೊಡೆದು ಬಂದ, ಬಾಲ್ ಪೈಥಾನ್ ಎಂಬ ಆಫ್ರಿಕಾದ ಚಿಕ್ಕ ಹೆಬ್ಬಾವಿನ ಮರಿಯೊಂದನ್ನು ತಂದೆ. ಮರುವರ್ಷ ಜೂನ್‌ನಲ್ಲಿ ಕೇಂದ್ರದ ಪರಿಸರ ಸಚಿವಾಲಯವು, ತಮ್ಮಲ್ಲಿರುವ ವಿದೇಶಿ ಪ್ರಾಣಿಗಳನ್ನು ಆರು ತಿಂಗಳೊಳಗೆ ಸ್ವಯಂಪ್ರೇರಿತವಾಗಿ ಘೋಷಿಸಿಕೊಂಡವರಿಂದ ಹಳೆಯ ದಾಖಲೆಗಳನ್ನು ಕೇಳುವುದಿಲ್ಲ ಎಂದು ಸೂಚನೆ ಹೊರಡಿಸಿದಾಗ ಅದನ್ನು ಘೋಷಿಸಿಕೊಂಡೆ. 2024ರ ನಿಯಮಗಳು ಬಂದಾಗ ಮತ್ತೆ ನೋಂದಾಯಿಸಿದೆ. ವೃತ್ತಿಯ ಚಾಳಿಯೋ ಏನೋ, ಆ ಹಾವಿನ ಕಡತ ನನ್ನ ಮನೆಯ ಖಾತಾ ಪತ್ರಗಳಿಗಿಂತ ಅಚ್ಚುಕಟ್ಟಾಗಿದೆ.

ನಮ್ಮ ಕಾನೂನು ಈಗ ಎಲ್ಲಿ ನಿಂತಿದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ವಿಷಯದ ಚರ್ಚೆಯಲ್ಲಿ ಅರ್ಧ ಗೊಂದಲ ಹುಟ್ಟುವುದೇ ಅಲ್ಲಿಂದ. ನಾಗರಹಾವು, ಕೇರೆ, ಕೊಳಕುಮಂಡಲ, ನಮ್ಮ ಹೆಬ್ಬಾವು, ಮಣ್ಣುಮುಕ್ಕ ಇವು ಯಾವುದನ್ನೂ ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಅಪರಾಧವೆಂದು ಹೇಳುತ್ತದೆ, ಹಾಗೆ ಹೇಳುವುದು ಸರಿ, ಅದರಲ್ಲಿ ಒಂದಕ್ಷರವನ್ನೂ ಸಡಿಲಿಸಬೇಕೆಂದು ನಾನು ಕೇಳುತ್ತಿಲ್ಲ. ಹೊರದೇಶದ ಹಾವುಗಳ ಮಾತು ಬೇರೆ. ಅಳಿವಿನಂಚಿನ ಪ್ರಾಣಿ ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೆ ಭಾರತ 1976ರಲ್ಲೇ ಸೇರಿದ್ದರೂ, ಆ ಪಟ್ಟಿಯ ವಿದೇಶಿ ಜೀವಿಯೊಂದು ಗಡಿ ದಾಟಿ ಒಳಗೆ ಬಂದಮೇಲೆ ಅದನ್ನು ಕೇಳುವ ಕಾನೂನು ನಮ್ಮಲ್ಲಿ ಬಹುಕಾಲ ಇರಲಿಲ್ಲ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಾಯ್ದೆಯು ನಾಲ್ಕನೆಯ ಅನುಸೂಚಿಯಲ್ಲಿ ಸೈಟಿಸ್ ಪಟ್ಟಿಯ ಜೀವಿಗಳನ್ನು ಸೇರಿಸಿತು. 49ಎಂ ಕಲಮಿನ ಪ್ರಕಾರ ಅಂಥ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು ವರದಿ ಮಾಡಬೇಕು, ನೋಂದಣಿ ಪತ್ರ ಪಡೆಯಬೇಕು, ಮರಿಯಾದರೆ ತಿಳಿಸಬೇಕು, ಸತ್ತರೆ ತಿಳಿಸಬೇಕು, ಇನ್ನೊಬ್ಬರಿಗೆ ಕೊಟ್ಟರೆ ತಿಳಿಸಬೇಕು. 2024ರ ಫೆಬ್ರವರಿ 28ರಂದು ಹೊರಬಿದ್ದ ನಿಯಮಗಳು ಇದಕ್ಕೆ ಆರು ತಿಂಗಳ ಗಡುವು ಕೊಟ್ಟವು. ತಪ್ಪಿದವರಿಗೆ ಮೂರು ವರ್ಷಗಳವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ.

ಅಂದರೆ ವಿದೇಶಿ ಹಾವು ಸಾಕುವವರು ಕೇಳುವವರಿಲ್ಲದೆ ಮೆರೆಯುತ್ತಿದ್ದಾರೆ ಎಂಬ ಮಾತು ಹತ್ತು ವರ್ಷದ ಹಿಂದೆ ನಿಜವಾಗಿತ್ತು, ಈಗ ಅಲ್ಲ. ನಿಯಂತ್ರಣ ಬೇಕು ಎನ್ನುವವರ ಜೊತೆ ನನಗೆ ಜಗಳವೇ ಇಲ್ಲ, ಏಕೆಂದರೆ ನಿಯಂತ್ರಣ ಬಂದಾಗಿದೆ. ನನ್ನ ವಿರೋಧವಿರುವುದು, ಇನ್ನೂ ಕಣ್ಣು ಬಿಡುತ್ತಿರುವ ಆ ವ್ಯವಸ್ಥೆಗೆ ನಾಲ್ಕು ವರ್ಷ ಬಾಳಲೂ ಬಿಡದೆ ಅದರ ಜಾಗದಲ್ಲಿ ಪೂರ್ಣ ನಿಷೇಧ ತಂದು ಕೂರಿಸಬೇಕೆನ್ನುವ ವಾದಕ್ಕೆ.

ಬಾಲ್ ಪೈಥಾನ್ ಎಂಬುದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಒಂದು ಚಿಕ್ಕ ಹೆಬ್ಬಾವು. ಸಾಮಾನ್ಯವಾಗಿ ನಾಲ್ಕೈದು ಅಡಿ ಬೆಳೆಯುತ್ತದೆ. ವಿಷವಿಲ್ಲ. ಹೆದರಿದರೆ ಕಚ್ಚುವುದಕ್ಕಿಂತ ಮೊದಲು ತಲೆಯನ್ನು ನಡುವೆ ಹುದುಗಿಸಿಕೊಂಡು ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಹೆಸರು ಬಂದದ್ದೂ ಅದರಿಂದಲೇ. ನಮ್ಮ ಮನೆಯದು ಒಂದೂಮುಕ್ಕಾಲು ಕಿಲೋ ತೂಗುತ್ತದೆ. ತಿಂಗಳಿಗೊಮ್ಮೆ ಅಡುಗೆಮನೆಯ ಹಳೆಯ ತಕ್ಕಡಿಯ ಮೇಲೆ ಬೇಸಿನ್ ಇಟ್ಟು ತೂಗುತ್ತೇನೆ (ಹೊಸ ತಕ್ಕಡಿಯನ್ನು ಹೆಂಡತಿ ಬೇರೆಯೇ ಇಟ್ಟುಕೊಂಡಿದ್ದಾಳೆ, ನ್ಯಾಯವೇ). ಹತ್ತು ಹದಿನೈದು ದಿನಕ್ಕೊಂದು ಇಲಿ, ಒಂದು ಬಟ್ಟಲು ನೀರು, ಗೂಡಿನ ಒಂದು ತುದಿಯಲ್ಲಿ ಮೂವತ್ತೊಂದು ಮೂವತ್ತೆರಡು ಡಿಗ್ರಿ ಶಾಖ, ಇನ್ನೊಂದು ತುದಿಯಲ್ಲಿ ತಂಪು. ಪೊರೆ ಬಿಡುವ ಕಾಲ ಬಂದಾಗ ಅದರ ಕಣ್ಣು ಹಾಲು ಬೆರೆಸಿದ ನೀರಿನ ಬಣ್ಣಕ್ಕೆ ತಿರುಗುತ್ತದೆ, ಮೈಯ ಕಂದು ಮಾಸುತ್ತದೆ, ಇಲಿ ಇಟ್ಟರೂ ಮುಟ್ಟುವುದಿಲ್ಲ. ನಾಲ್ಕೈದು ದಿನಕ್ಕೆ ಕಣ್ಣು ತಿಳಿಯಾಗಿ, ಅದಾದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಮೂತಿಯಿಂದ ಬಾಲದವರೆಗೆ ಕಾಲುಚೀಲ ಮಗುಚಿ ತೆಗೆದಂತೆ ಇಡೀ ಪೊರೆ ಗೂಡಿನಲ್ಲಿ ಬಿದ್ದಿರುತ್ತದೆ. ಕಣ್ಣಿನ ಮೇಲಿನ ಎರಡು ಪಾರದರ್ಶಕ ಬಿಲ್ಲೆಗಳೂ ಅದರ ಜೊತೆಗೇ ಬಂದಿವೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಬಂದಿಲ್ಲವೆಂದರೆ ಗೂಡಿನ ತೇವ ಕಡಿಮೆಯಾಗಿದೆ, ತಪ್ಪು ಸಾಕುವವನದು.

ಇಷ್ಟು ಹೇಳಿದ್ದು ಹಾವನ್ನು ಮುದ್ದು ಮಾಡಿ ತೋರಿಸಲಿಕ್ಕಲ್ಲ. ಇದನ್ನೆಲ್ಲ ಸರಿಯಾಗಿ ನಡೆಸಲು ಸಾಕುವವನಿಗೆ ನಾಲ್ಕು ಜನರ ನೆರವು ಬೇಕಾಗುತ್ತದೆ: ತಿಳಿದವರ ಸಲಹೆ, ಪಶುವೈದ್ಯ, ಆಹಾರ ಒದಗಿಸುವವರು, ಊರಿಗೆ ಹೋದಾಗ ನೋಡಿಕೊಳ್ಳುವವರು. ಸಾಕುವುದು ಬಹಿರಂಗವಾಗಿ ಹೇಳಿಕೊಳ್ಳಬಹುದಾದ ಸಂಗತಿಯಾಗಿರುವವರೆಗೆ ಮಾತ್ರ ಈ ನೆರವು ಸಿಗುತ್ತದೆ.

ಮೂರು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಒಂದು ರಾತ್ರಿ ಗೂಡಿನ ಶಾಖವನ್ನು ಹದದಲ್ಲಿಡುವ ಥರ್ಮೋಸ್ಟ್ಯಾಟ್ ಕೆಟ್ಟಿತ್ತು. ನಾನು ಗಮನಿಸಿದ್ದು ಎರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ಹಾವು ಬಾಯಿ ಅರೆತೆರೆದು ತಲೆಯನ್ನು ಮೇಲಕ್ಕೆತ್ತಿ ಕೂತಿತ್ತು, ಮೂಗಿನ ಹೊಳ್ಳೆಯಲ್ಲಿ ಸಣ್ಣ ಗುಳ್ಳೆ, ಉಸಿರು ಬಿಟ್ಟಾಗ ಸಿಳ್ಳಿನಂಥ ಸದ್ದು. ಪುಪ್ಪುಸದ ಸೋಂಕು ಎಂದು ಓದಿ ಗೊತ್ತಿತ್ತು. ಮೊದಲು ಹೋದ ಪ್ರಾಣಿ ಚಿಕಿತ್ಸಾಲಯದಲ್ಲಿ ಡಬ್ಬಿಯನ್ನು ಒಳಗೆ ತರಲೂ ಬಿಡಲಿಲ್ಲ. ಹಾವು ಇಟ್ಟುಕೊಳ್ಳುವುದೇ ಅಪರಾಧ, ಅರಣ್ಯ ಇಲಾಖೆಗೆ ಫೋನು ಮಾಡುತ್ತೇವೆ ಎಂದರು. ಮಾಡಿ ಎಂದೆ, ಮಾಡಲಿಲ್ಲ. ಎರಡನೆಯ ಕಡೆ ಗೊತ್ತಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರು. ಮೂರನೆಯ ವೈದ್ಯರು ನನ್ನ ಘೋಷಣಾ ಪತ್ರದ ಪ್ರತಿಯನ್ನು ನೋಡಿ, ಅದರ ಸಂಖ್ಯೆಯನ್ನು ಚೀಟಿಯ ಮೇಲೆ ಬರೆದುಕೊಂಡು, ಮೂರು ದಿನಕ್ಕೊಂದರಂತೆ ಮೂರು ವಾರ ಆ್ಯಂಟಿಬಯೊಟಿಕ್ ಚುಚ್ಚುಮದ್ದು ಕೊಟ್ಟರು. ಹಾವು ಉಳಿಯಿತು. ಉಳಿಸಿದ್ದು ಔಷಧಿ ಎಷ್ಟೋ ಆ ಕಾಗದವೂ ಅಷ್ಟೇ. ಕಾಗದವೇ ಇಲ್ಲದ ಕಾಲ ಬಂದರೆ, ನನ್ನಂಥವನು ಅಂತರ್ಜಾಲದಲ್ಲಿ ನೋಡಿಕೊಂಡು ತಾನೇ ಚುಚ್ಚುತ್ತಾನೆ, ಇಲ್ಲವೇ ಹಾವು ಸಾಯುವುದನ್ನು ನೋಡುತ್ತ ಕೂರುತ್ತಾನೆ. ಪ್ರಾಣಿದಯೆಯ ಹೆಸರಿನಲ್ಲಿ ನಿಷೇಧ ಕೇಳುವವರು ಈ ಭಾಗವನ್ನು ಯೋಚಿಸಿದಂತೆ ಕಾಣುವುದಿಲ್ಲ.

ಇನ್ನು ಕಳ್ಳಸಾಗಣೆಯ ವಿಷಯ. 2023ರ ಆಗಸ್ಟ್‌ನಲ್ಲಿ ನಮ್ಮ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಸಾಮಾನಿನಲ್ಲಿ ಹಾವು, ಆಮೆ, ಗೋಸುಂಬೆ, ಮೊಸಳೆ ಜಾತಿಯ ಮರಿಗಳೆಂದು ಒಟ್ಟು 234 ಪ್ರಾಣಿಗಳು ಸಿಕ್ಕವು, ಉಸಿರುಗಟ್ಟಿ ಸತ್ತಿದ್ದ ಕಾಂಗರೂ ಮರಿಯೊಂದು ಅವುಗಳಲ್ಲಿತ್ತು. ಮರುತಿಂಗಳೇ ವಾರಸುದಾರರಿಲ್ಲದ ಸಾಮಾನಿನಲ್ಲಿ 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು ಮತ್ತು ಸತ್ತ ಆರು ಕಪುಚಿನ್ ಕೋತಿಗಳು ದೊರೆತವು. 2024ರ ಏಪ್ರಿಲ್‌ನಲ್ಲಿ ಹತ್ತು ಹಳದಿ ಅನಕೊಂಡಗಳು. ಇವನ್ನು ಓದಿದಾಗ ಹೊಟ್ಟೆ ತೊಳಸದ ಹಾವುಪ್ರಿಯ ಇದ್ದರೆ ಅವನು ಹಾವುಪ್ರಿಯನೇ ಅಲ್ಲ. ಆದರೆ ಒಂದನ್ನು ಗಮನಿಸಬೇಕು. ಈ ಮೂರೂ ಪ್ರಕರಣಗಳಲ್ಲಿ ನಡೆದದ್ದು ಆಗಲೇ ಅಪರಾಧವಾಗಿತ್ತು. ಸುಂಕ ಕಾಯ್ದೆಯ ಪ್ರಕಾರ, ಆಮದು ನೀತಿಯ ಪ್ರಕಾರ, ಸೈಟಿಸ್ ಪ್ರಕಾರ ಅಪರಾಧವಾಗಿತ್ತು. ಕಾಳಿಂಗವನ್ನಂತೂ ಈ ದೇಶದಲ್ಲಿ ಯಾರೂ ಇಟ್ಟುಕೊಳ್ಳುವಂತೆಯೇ ಇಲ್ಲ, ಆದರೂ ಹದಿನೇಳು ಬಂದವು. ಮನೆಯಲ್ಲಿ ಸಾಕುವುದನ್ನು ನಿಷೇಧಿಸಿದ ಮಾತ್ರಕ್ಕೆ ನಾಲ್ಕು ಕಾನೂನುಗಳಿಗೆ ಹೆದರದವನು ಐದನೆಯದಕ್ಕೆ ಹೆದರುತ್ತಾನೆ ಎಂದು ನಂಬಲು ಕಾರಣವೇನಿದೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಚಿಕಿತ್ಸೆ ನಮ್ಮಲ್ಲಿ ಹೊಸದೇನಲ್ಲ.

ಇಲ್ಲಿಯೇ ಮೊಟ್ಟೆಯೊಡೆದು, ದಾಖಲೆಯಲ್ಲಿ ಸೇರಿ, ಕೈಯಿಂದ ಕೈಗೆ ಬರವಣಿಗೆಯಲ್ಲಿ ಹೋಗುವ ಮರಿಗಳು ಸಿಗುವಾಗ ಸೂಟ್‌ಕೇಸಿನ ಮರಿಗೆ ಗಿರಾಕಿ ಕಡಿಮೆಯಾಗುತ್ತಾನೆ. ಆ ದಾರಿ ಮುಚ್ಚಿದರೆ ಉಳಿಯುವುದು ಸೂಟ್‌ಕೇಸ್ ಒಂದೇ. ನಮ್ಮದೇ ಮಣ್ಣುಮುಕ್ಕ ಹಾವಿನ ಕಥೆ ನೋಡಿ. ಅದನ್ನು ಹಿಡಿಯುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲವೂ ನಿಷಿದ್ಧ. ಆದರೂ ಎರಡು ತಲೆಯ ಹಾವು ಮನೆಗೆ ಅದೃಷ್ಟ ತರುತ್ತದೆ, ನಿಧಿ ತೋರಿಸುತ್ತದೆ ಎಂಬ ಮೂಢನಂಬಿಕೆಯ ಬೆನ್ನು ಹತ್ತಿ ಅದನ್ನು ಲಕ್ಷಗಟ್ಟಲೆಗೆ ಕುದುರಿಸಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ನಮ್ಮ ಜಿಲ್ಲಾ ಪುಟಗಳಲ್ಲಿ ಬಾರದ ವರ್ಷವಿಲ್ಲ. ಅಲ್ಲಿ ನಿಷೇಧ ಇರಲೇಬೇಕು, ಏಕೆಂದರೆ ಅದು ನಮ್ಮ ಕಾಡು ಹೊಲಗಳ ಹಾವು, ಹಿಡಿದಷ್ಟೂ ಕಡಿಮೆಯಾಗುತ್ತದೆ. ಆದರೆ ನಿಷೇಧವೆಂಬ ಪದ ತಾನಾಗಿಯೇ ವ್ಯಾಪಾರವನ್ನು ನಿಲ್ಲಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೂ 2000ದಲ್ಲೇ ನಿಷೇಧ ಬಂದಿದೆ. ಬೆಂಗಳೂರಿನ ಸುತ್ತಮುತ್ತ ಅದರ ಹೊಂಡಗಳನ್ನು ಅಧಿಕಾರಿಗಳು ಇಂದಿಗೂ ಮುಚ್ಚಿಸುತ್ತಲೇ ಇದ್ದಾರೆ.

ನಿಷೇಧಿಸಿ ನೋಡಿ ಕೈಬಿಟ್ಟ ದೇಶವೂ ಇದೆ. ನಾರ್ವೆ 1970ರ ದಶಕದಿಂದ ಸರೀಸೃಪಗಳನ್ನು ಮನೆಯಲ್ಲಿ ಸಾಕುವುದನ್ನು ನಿಷೇಧಿಸಿತ್ತು. ಸುಮಾರು ನಾಲ್ಕು ದಶಕ ಆ ನಿಷೇಧ ಪುಸ್ತಕದಲ್ಲಿತ್ತು, ಹಾವುಗಳು ಮನೆಗಳಲ್ಲಿದ್ದವು. ಕಡೆಗೆ 2017ರಲ್ಲಿ ಅದು ಬಾಲ್ ಪೈಥಾನ್, ವಿಷವಿಲ್ಲದ ಕಾರ್ನ್ ಸ್ನೇಕ್ ಎಂಬ ಹಾವು ಸೇರಿದಂತೆ 19 ಜಾತಿಯ ಸರೀಸೃಪಗಳ ಪಟ್ಟಿ ಮಾಡಿ, ಇವನ್ನು ಸಾಕಬಹುದು, ಉಳಿದವನ್ನು ಕೂಡದು ಎಂದಿತು. ಬ್ರಿಟನ್ ತನ್ನ 1976ರ ಅಪಾಯಕಾರಿ ಪ್ರಾಣಿಗಳ ಕಾಯ್ದೆಯಲ್ಲಿ ವಿಷದ ಹಾವುಗಳಿಗೆ ಪರವಾನಗಿ ಕಡ್ಡಾಯ ಮಾಡಿತೇ ಹೊರತು ಕಾರ್ನ್ ಸ್ನೇಕ್ ಸಾಕುವ ಶಾಲಾ ಹುಡುಗನ ಬೆನ್ನು ಹತ್ತಲಿಲ್ಲ. ಅಪಾಯದ ಪ್ರಮಾಣ ನೋಡಿ ಗೆರೆ ಎಳೆಯುವುದೆಂದರೆ ಇದು.

ಫ್ಲಾರಿಡಾದ ಹೆಸರು ಹೇಳದೆ ಈ ಚರ್ಚೆ ಮುಗಿಯುವುದಿಲ್ಲ, ಮುಗಿಯಬಾರದು ಕೂಡ. ಅಲ್ಲಿನ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಾಕಿದವರು ಬಿಟ್ಟ ಮತ್ತು ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ನೆಲೆಯೂರಿ, ರಕೂನ್‌ನಂಥ ಪ್ರಾಣಿಗಳು ಕಣ್ಣಿಗೆ ಬೀಳುವುದು ನೂರಕ್ಕೆ ತೊಂಬತ್ತೊಂಬತ್ತರಷ್ಟು ಕುಸಿದಿದೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಸ್ಪೇನಿಗೆ ಸೇರಿದ ಗ್ರಾನ್ ಕನೇರಿಯಾ ದ್ವೀಪದಲ್ಲಿ ಸಾಕುಪ್ರಾಣಿಯಾಗಿ ಬಂದ ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್ ಅಲ್ಲಿಯ ದೈತ್ಯ ಹಲ್ಲಿಯನ್ನು ಮುಗಿಸುತ್ತಿದೆ. ಇವು ಕಟ್ಟುಕಥೆಗಳಲ್ಲ, ನನ್ನಂಥವರು ಇವನ್ನು ಮುಚ್ಚಿಟ್ಟು ವಾದ ಮಾಡಬಾರದು. ಪಶ್ಚಿಮಘಟ್ಟದಂಥ ಕಾಡಿನ ಸೆರಗಿನಲ್ಲಿ ಬದುಕುವ ನಾವು, 2024ರಲ್ಲಷ್ಟೇ ನಮ್ಮ ಘಟ್ಟದ ಕಾಳಿಂಗವನ್ನು ವಿಜ್ಞಾನಿಗಳು ಬೇರೆಯೇ ಪ್ರಭೇದವೆಂದು ಗುರುತಿಸಿ ಅದಕ್ಕೆ ನಮ್ಮ ಕನ್ನಡದ ‘ಕಾಳಿಂಗ’ ಎಂಬ ಹೆಸರನ್ನೇ ಇಟ್ಟ ಹೆಮ್ಮೆಯಲ್ಲಿರುವ ನಾವು, ಹೊರಗಿನ ಹಾವೊಂದು ಇಲ್ಲಿ ಬೇರೂರುವುದನ್ನು ಲಘುವಾಗಿ ತೆಗೆದುಕೊಳ್ಳಲಾಗದು.

ಆದರೆ ಫ್ಲಾರಿಡಾ ಏನು ಮಾಡಿತು ಎಂಬುದನ್ನೂ ಪೂರ್ತಿ ಓದಬೇಕು. ಅಷ್ಟೆಲ್ಲ ಪೆಟ್ಟು ತಿಂದ ಆ ರಾಜ್ಯ 2021ರಲ್ಲಿ ಬರ್ಮಾ ಹೆಬ್ಬಾವು, ರೆಟಿಕ್ಯುಲೇಟೆಡ್ ಹೆಬ್ಬಾವು, ಹಸಿರು ಅನಕೊಂಡ ಮುಂತಾದ ಹೆಚ್ಚು ಅಪಾಯದ ಸರೀಸೃಪಗಳನ್ನು ಹೆಸರಿಸಿ ನಿಷೇಧಿಸಿತು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿಲ್ಲ. ಜೊತೆಗೆ 2006ರಿಂದಲೇ, ಸಾಕಲಾಗದ ವಿದೇಶಿ ಪ್ರಾಣಿಯನ್ನು ತಂದೊಪ್ಪಿಸಿದವರ ಮೇಲೆ ಮೊಕದ್ದಮೆ ಹೂಡದೆ ಅದನ್ನು ಇನ್ನೊಬ್ಬ ಯೋಗ್ಯ ಸಾಕಣೆದಾರನಿಗೆ ಸೇರಿಸುವ ವ್ಯವಸ್ಥೆ ಅಲ್ಲಿದೆ. ನಮ್ಮ ಕಾಯ್ದೆಯಲ್ಲೂ ಈ ಕೆಲಸಕ್ಕೆ ಬೇಕಾದ ಅಸ್ತ್ರ ಸಿದ್ಧವಾಗಿಯೇ ಇದೆ. 2022ರ ತಿದ್ದುಪಡಿಯೊಡನೆ ಸೇರಿದ 62ಎ ಕಲಮು, ನಮ್ಮ ವನ್ಯಜೀವಿಗಳಿಗೆ ಕುತ್ತು ತರುವ ಆಕ್ರಮಣಕಾರಿ ವಿದೇಶಿ ಪ್ರಭೇದಗಳ ಆಮದು, ವ್ಯಾಪಾರ, ಸ್ವಾಧೀನವನ್ನು ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಯಾವ ಹಾವಿಗೆ ಕರ್ನಾಟಕದ ಹವೆ ಒಗ್ಗುತ್ತದೆ, ಅದು ವರ್ಷಕ್ಕೆಷ್ಟು ಮೊಟ್ಟೆಯಿಡುತ್ತದೆ, ಏನನ್ನು ತಿನ್ನುತ್ತದೆ ಎಂದು ತಜ್ಞರು ನೋಡಲಿ. ಅಪಾಯವೆಂದು ಕಂಡ ಜಾತಿಯನ್ನು ಹೆಸರು ಹಿಡಿದು ನಿಷೇಧಿಸಲಿ. ಅನಕೊಂಡ, ದೊಡ್ಡ ಹೆಬ್ಬಾವುಗಳು, ವಿಷದ ವಿದೇಶಿ ಹಾವುಗಳು ಮೂರು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇರಬೇಕಾದವಲ್ಲ ಎಂದು ನಾನೇ ಸಹಿ ಹಾಕಿ ಕೊಡುತ್ತೇನೆ. ನಾಳೆ ಬಾಲ್ ಪೈಥಾನೇ ಅಪಾಯವೆಂದು ಪುರಾವೆಯೊಡನೆ ತೀರ್ಮಾನವಾದರೆ, ಇರುವ ಹಾವನ್ನು ಸಾಯುವವರೆಗೆ ನೋಡಿಕೊಳ್ಳಲು ಬಿಡಿ, ಹೊಸದನ್ನು ತರುವುದಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ಯಬೇಡಿ ಎಂಬುದಷ್ಟೇ ನನ್ನ ಮಾತು.

ಜನರ ಜೀವಕ್ಕೆ ಅಪಾಯ ಎಂಬ ವಾದಕ್ಕೆ ಹೆಚ್ಚು ಜಾಗ ಬೇಕಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಹನ್ನೆರಡು ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂಬ ಅಂದಾಜಿದೆ. ಆ ಸಾವುಗಳು ಗದ್ದೆಯಲ್ಲಿ ಬರಿಗಾಲಿನಲ್ಲಿ, ನೆಲದ ಮೇಲಿನ ಚಾಪೆಯಲ್ಲಿ, ಆ್ಯಂಟಿವೆನಮ್ ಇಲ್ಲದ ಆಸ್ಪತ್ರೆಯ ದಾರಿಯಲ್ಲಿ ಆದವು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳಿಂದ ಆದವು. 2024ರಲ್ಲಿ ಕರ್ನಾಟಕವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಅದಕ್ಕಾಗಿ, ಶ್ಲಾಘನೀಯ ಕೆಲಸ. ವಿಷವೇ ಇಲ್ಲದ ನಾಲ್ಕಡಿಯ ಹಾವು ಆ ಲೆಕ್ಕದ ಹತ್ತಿರವೂ ಸುಳಿಯುವುದಿಲ್ಲ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಅದು ನಿಜ.

ನನ್ನನ್ನು ನಿಜಕ್ಕೂ ನಿದ್ದೆಗೆಡಿಸುವ ಪ್ರಶ್ನೆ ಇನ್ನೊಂದು: ಪ್ರಾಣಿಯನ್ನು ಡಬ್ಬಿಯಲ್ಲಿಡುವುದು ಸರಿಯೇ? ಇದನ್ನು ಮೊದಲು ಕೇಳಿದವರು ನನ್ನ ತಾಯಿ. ನಾಗರಪಂಚಮಿಗೆ ಊರಿನಿಂದ ಬಂದಿದ್ದವರು, ಹಾಲೆರೆಯಲು ಕಲ್ಲಿನ ಮುಂದೆ ನಿಂತು ಬಂದ ಸಂಜೆ, ಗೂಡಿನ ಗಾಜಿನೊಳಗೆ ನೋಡಿ, ‘ಇದಕ್ಕೆ ಹುತ್ತ ಬೇಡವೇನೋ?’ ಎಂದರು. ಬಾಲ್ ಪೈಥಾನ್ ತನ್ನ ನಾಡಿನಲ್ಲೂ ಹಗಲೆಲ್ಲ ಇಲಿ ಬಿಲದಲ್ಲೋ ಗೆದ್ದಲಿನ ಹುತ್ತದಲ್ಲೋ ಮುದುಡಿ ಮಲಗಿ ರಾತ್ರಿ ಹೊರಬೀಳುವ ಪ್ರಾಣಿ ಎಂದು ನಾನು ಓದಿದ್ದನ್ನು ಅವರು ಓದದೆ ಹೇಳಿದ್ದರು. ಮರುವಾರ ಗೂಡಿನಲ್ಲಿ ಮಣ್ಣಿನ ಮಡಕೆಯೊಂದನ್ನು ಅಡ್ಡ ಹಾಕಿ ಅರ್ಧ ಹೂತೆ. ಹಾವು ಅಂದಿನಿಂದ ಅದರಲ್ಲೇ ಇದೆ. ಕಾಡಿನ ಬದುಕಿಗೆ ಇದು ಸಾಟಿಯೆಂದು ನಾನು ಹೇಳಲಾರೆ. ನನ್ನ ಹಾವು ಕಾಡನ್ನು ಕಂಡದ್ದಲ್ಲ, ಅದರ ತಾಯಿಯೂ ಕಂಡದ್ದಲ್ಲ ಎಂಬುದಷ್ಟೇ ನನ್ನ ಸಮಾಧಾನ, ಅದು ಅರ್ಧ ಸಮಾಧಾನವೆಂದೂ ನನಗೆ ಗೊತ್ತು. ಕಾಡಿನಿಂದ ಹಿಡಿದ ಹಾವು ಈ ಹವ್ಯಾಸದೊಳಗೆ ಬರಲೇಬಾರದು ಎಂದು ನಾನು ಹಟ ಹಿಡಿಯುವುದು ಅದಕ್ಕಾಗಿಯೇ.

ನಮ್ಮವರಲ್ಲೂ ದೋಷವಿದೆ. ಬಣ್ಣದ ಹುಚ್ಚಿಗೆ ಬಿದ್ದು, ಮಾರ್ಫ್ ಎಂದು ಕರೆಯುವ ತಳಿಭೇದಗಳನ್ನು ಒಂದರ ಮೇಲೊಂದು ಬೆರೆಸುವ ಚಟ ಕೆಲವರಿಗಿದೆ. ಸ್ಪೈಡರ್ ಎಂಬ ತಳಿಯ ಬಾಲ್ ಪೈಥಾನ್‌ಗೆ ಮೈಮೇಲೆ ಜೇಡರ ಬಲೆಯಂಥ ಚಂದದ ಗೆರೆಗಳಿರುತ್ತವೆ. ಆದರೆ ಅದೇ ವಂಶವಾಹಿ ಅದರ ಸಮತೋಲನವನ್ನು ಕೆಡಿಸಿ, ತಲೆ ಓಲಾಡುತ್ತದೆ, ಇಲಿಯ ಮೇಲೆ ಎರಗಿದಾಗ ಗುರಿ ತಪ್ಪುತ್ತದೆ. ನಾನೊಂದನ್ನು ಕಂಡಿದ್ದೇನೆ: ನೀರಿನ ಬಟ್ಟಲಿನ ಮುಂದೆ ತಲೆ ತಿರುಚಿಕೊಂಡು ಆಕಾಶ ನೋಡುತ್ತಿತ್ತು. ಅಂಥ ತಳಿಯನ್ನು ಬೆಳೆಸುವುದನ್ನು ಕಾನೂನು ನಿಲ್ಲಿಸಲಿ. ಮೈ ನೀಡಲೂ ಆಗದ ಪ್ಲಾಸ್ಟಿಕ್ ಡ್ರಾಯರುಗಳಲ್ಲಿ ಹತ್ತಾರು ಹಾವು ಜೋಡಿಸಿಡುವವರಿಗೆ ಗೂಡಿನ ಕನಿಷ್ಠ ಅಳತೆಯನ್ನು ಕಡ್ಡಾಯ ಮಾಡಲಿ. ಸಾಕುವವರು ಕಣ್ಣೆದುರಿಗಿದ್ದರೆ ತಾನೆ ಇದನ್ನೆಲ್ಲ ಮಾಡಿಸಲು ಸಾಧ್ಯ? ನಿಷಿದ್ಧ ವಸ್ತುವಿನ ಗೂಡನ್ನು ಯಾವ ಅಧಿಕಾರಿ ಅಳೆಯುತ್ತಾನೆ?

ಕೇಳದೆ ನಿಷೇಧಿಸುವ ಅಭ್ಯಾಸಕ್ಕೆ ನಮ್ಮ ಹೈಕೋರ್ಟೇ ಒಮ್ಮೆ ತಡೆ ಹಾಕಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರವು 23 ತಳಿಯ ನಾಯಿಗಳನ್ನು ಅಪಾಯಕಾರಿಯೆಂದು ನಿಷೇಧಿಸಲು ಸುತ್ತೋಲೆ ಕಳಿಸಿದಾಗ, ಸಂಬಂಧಪಟ್ಟವರ ಅಭಿಪ್ರಾಯವನ್ನೇ ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ಅದನ್ನು ರದ್ದು ಮಾಡಿತು. ಹಾವಿನ ವಿಷಯದಲ್ಲೂ ಕೇಳಬೇಕಾದವರು ಇದ್ದಾರೆ: ಸರೀಸೃಪ ತಿಳಿದ ಪಶುವೈದ್ಯರು, ಆಗುಂಬೆಯಂಥ ಕಡೆ ಕಾಡಿನ ಹಾವುಗಳ ಅಧ್ಯಯನದಲ್ಲಿ ತೊಡಗಿದವರು, ಊರೂರಿನ ಉರಗ ರಕ್ಷಕರು, ಕೊನೆಯಲ್ಲಿ ನಾವು, ಸಾಕುವವರು.

ಸರಿಪಡಿಸಬೇಕಾದ್ದು ಬೇಕಾದಷ್ಟಿದೆ, ನಿಷೇಧದ ಮಾತಿನಲ್ಲಿ ಅದು ಮರೆತುಹೋಗುತ್ತಿದೆ. ಅಮೆರಿಕದ ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲಿಲ್ಲ. ಆದ್ದರಿಂದ ನಾಲ್ಕನೆಯ ಅನುಸೂಚಿಯಲ್ಲೂ ಇಲ್ಲ, ನೋಂದಣಿಯೂ ಇಲ್ಲ. ಬಾಲ್ ಪೈಥಾನ್ ಸಾಕುವವನು ಮರಿಯಾದರೂ ಸತ್ತರೂ ಬರೆದು ತಿಳಿಸಬೇಕು, ಪಕ್ಕದ ಮನೆಯ ಕಾರ್ನ್ ಸ್ನೇಕ್ ಯಾರ ಲೆಕ್ಕದಲ್ಲೂ ಇಲ್ಲ. ಪಟ್ಟಿಯ ಹೊರಗಿನ ವಿದೇಶಿ ಹಾವುಗಳಿಗೂ ನೋಂದಣಿ ಬೇಕೆಂದು ಕೇಳುವ ಮೊದಲಿಗ ನಾನೇ ಆಗುತ್ತೇನೆ. ಅದಕ್ಕಿಂತ ತುರ್ತಾದದ್ದು, ಸಾಕಲಾಗದವನು ಹೆದರಿಕೆಯಿಲ್ಲದೆ ಹಾವನ್ನು ಒಪ್ಪಿಸಬಹುದಾದ ಒಂದು ಜಾಗ. ಜಿಲ್ಲೆಗೊಂದು ಬೇಡ, ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಒಂದೊಂದಿದ್ದರೂ ಸಾಕು.

ಕಳೆದ ವರ್ಷ ಮಳೆಗಾಲದಲ್ಲಿ ರಾತ್ರಿ ಹನ್ನೊಂದಕ್ಕೆ ನನಗೊಂದು ಫೋನು ಬಂತು. ಪರಿಚಿತರ ಪರಿಚಿತ, ಇಪ್ಪತ್ತಾರರ ಹುಡುಗ. ಹೊರದೇಶದಲ್ಲಿ ಕೆಲಸ ಸಿಕ್ಕಿತ್ತು, ನಾಲ್ಕು ದಿನಕ್ಕೆ ವಿಮಾನ, ಮನೆಯಲ್ಲಿ ಎರಡು ಕಾರ್ನ್ ಸ್ನೇಕ್. ಮೂರು ಕಡೆ ಕೇಳಿದ್ದ, ಒಬ್ಬರು ಗದರಿದ್ದರು, ಇಬ್ಬರು ಫೋನೇ ಎತ್ತಿರಲಿಲ್ಲ. ಮನೆ ಹಿಂದಿನ ಕೆರೆಯ ಏರಿ ಮೇಲೆ ಬಿಟ್ಟರೆ ಬದುಕಿಕೊಳ್ಳುತ್ತವೆಯೇ ಎಂದು ಕೇಳುವುದು ಅವನ ಉದ್ದೇಶವಾಗಿತ್ತು. ಬಿಡಬೇಡ, ಅಲ್ಲೇ ಇರು ಎಂದು ಹೇಳಿ, ಎರಡು ದಿಂಬಿನ ಚೀಲ ಮತ್ತು ಗಾಳಿಗೆ ತೂತು ಮಾಡಿದ ಡಬ್ಬಿ ಹಿಡಿದು ಮಳೆಯಲ್ಲೇ ಹೋದೆ. ಒಂದು ನನ್ನ ಬಳಿ ಉಳಿಯಿತು, ಇನ್ನೊಂದನ್ನು ತುಮಕೂರಿನ ಪರಿಚಿತರೊಬ್ಬರು ಒಯ್ದರು. ಅಂದು ಅವನಿಗೆ ನನ್ನ ನಂಬರು ಸಿಕ್ಕಿದ್ದು, ನಾನು ಹಾವು ಸಾಕುತ್ತೇನೆಂದು ನಾಲ್ಕು ಜನಕ್ಕೆ ಗೊತ್ತಿದ್ದುದರಿಂದ.

ಇತಿ,

ನಿಮ್ಮ ಓದುಗ,
ಬನಶಂಕರಿ, ಬೆಂಗಳೂರು

(ನೋಂದಣಿ ಪತ್ರ ಕೈಯಲ್ಲಿದ್ದರೂ, ನಮ್ಮ ಅಪಾರ್ಟ್‌ಮೆಂಟಿನ ಸಂಘದವರ ಜೊತೆಗಿನ ಮಾತುಕತೆ ಇನ್ನೂ ಮುಗಿದಿಲ್ಲವಾದ್ದರಿಂದ, ಹೆಸರನ್ನು ದಯವಿಟ್ಟು ಪ್ರಕಟಿಸಬಾರದೆಂದು ಕೋರಿಕೆ.)